ಒಂದೇ ಮಳೆಯ ಮೂರು ಊರು

ಲಂಡನ್, ಯೆರೂಸಲೇಮ್, ವಿಜಯಪುರ. ಈ ಮೂರೂ ಊರುಗಳಿಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಒಂದೇ. ಲಂಡನ್ನಿಗೆ ಸುಮಾರು 600 ಮಿ.ಮೀ., ವಿಜಯಪುರಕ್ಕೂ ಅಷ್ಟೇ, ಯೆರೂಸಲೇಮಿಗೆ 550ರ ಆಸುಪಾಸು. ಮಳೆಯ ಲೆಕ್ಕವನ್ನೇ ನಂಬುವುದಾದರೆ ಮೂರೂ ಕಡೆ ಒಂದೇ ಬಗೆಯ ಬದುಕು ಕಾಣಬೇಕಿತ್ತು. ಆದರೆ ಲಂಡನ್ನಿನ ಉದ್ಯಾನಗಳಲ್ಲಿ ಹುಲ್ಲು ವರ್ಷದ ಬಹುಭಾಗ ಹಸಿರಾಗಿರುತ್ತದೆ, ಯೆರೂಸಲೇಮಿನ ಸುತ್ತಲ ಗುಡ್ಡಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಆಲಿವ್ ಮರಗಳಿವೆ, ವಿಜಯಪುರದ ಹೆಸರಿನ ಹಿಂದೆ ‘ಬರಪೀಡಿತ’ ಎಂಬ ವಿಶೇಷಣ ಕಾಯಮ್ಮಾಗಿ ಅಂಟಿಕೊಂಡಿದೆ.

ಇದರಲ್ಲಿ ಒಗಟೇನೂ ಇಲ್ಲ. ಲಂಡನ್ನಿನಲ್ಲಿ ಆ ಮಳೆ ನೂರಕ್ಕೂ ಹೆಚ್ಚು ದಿನಗಳಲ್ಲಿ ಚೂರುಚೂರಾಗಿ ಜಿನುಗುತ್ತದೆ. ವಿಜಯಪುರದಲ್ಲಿ ಲೆಕ್ಕಕ್ಕೆ ಸಿಗುವ ಮಳೆ ದಿನಗಳು ನಲವತ್ತರ ಆಸುಪಾಸು, ಅವುಗಳಲ್ಲೂ ಕೆಲವೇ ದಿನಗಳ ಜಡಿಮಳೆ ವರ್ಷದ ದೊಡ್ಡ ಪಾಲನ್ನು ಹೊತ್ತು ತರುತ್ತದೆ. (ಮಳೆ ದಿನ ಎಂದು ಕರೆಯಲು ಲಂಡನ್ನಿನಲ್ಲಿ ಒಂದು ಮಿ.ಮೀ. ಸಾಕು, ನಮ್ಮ ಹವಾಮಾನ ಇಲಾಖೆ ಎರಡೂವರೆ ಕೇಳುತ್ತದೆ. ಅದನ್ನು ಕಳೆದರೂ ವ್ಯತ್ಯಾಸ ದೊಡ್ಡದೇ.) ಅದಕ್ಕಿಂತ ಮುಖ್ಯವಾದದ್ದು ಗಾಳಿಯ ಬಾಯಾರಿಕೆ. ನೀರು ಎಷ್ಟಿದ್ದರೂ ಸಿಗುತ್ತದೆ ಎಂದಿಟ್ಟುಕೊಂಡರೆ, ವಿಜಯಪುರದ ಬಿಸಿಲು ಮತ್ತು ಗಾಳಿ ಸೇರಿ ವರ್ಷಕ್ಕೆ ಒಂದೂವರೆ ಸಾವಿರ ಮಿ.ಮೀ. ಮೀರಿದಷ್ಟು ನೀರನ್ನು ಹೀರಬಲ್ಲವು. ಲಂಡನ್ನಿನಲ್ಲಿ ಈ ಬೇಡಿಕೆ ಬೀಳುವ ಮಳೆಯ ಹತ್ತಿರಹತ್ತಿರವೇ ಇದೆ. ಜಮೆ ಒಂದೇ ಆದ ಎರಡು ಮನೆಗಳಲ್ಲಿ ಒಂದರ ಖರ್ಚು ಇನ್ನೊಂದರ ಎರಡೂವರೆ ಪಟ್ಟು.

ಇದನ್ನು ಸೂತ್ರಕ್ಕೆ ಇಳಿಸಿದ ವ್ಲಾಡಿಮಿರ್ ಕೊಪ್ಪೆನ್ ಓದಿದ್ದು ಸಸ್ಯಶಾಸ್ತ್ರ. ಹವಾಮಾನವನ್ನು ಅಳೆಯಲು ಉಪಕರಣಗಳಿಗಿಂತ ಗಿಡಮರಗಳೇ ನಂಬಿಕಸ್ತ ಸಾಕ್ಷಿ ಎಂಬುದು ಅವರ ನಿಲುವು. ಒಂದು ಊರು ಒಣಪ್ರದೇಶವೋ ಅಲ್ಲವೋ ಎಂದು ತೀರ್ಮಾನಿಸಲು ಅವರು ಕೊಟ್ಟ ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದಾದದ್ದು. ಮಳೆ ಮುಖ್ಯವಾಗಿ ಚಳಿಗಾಲದಲ್ಲಿ ಬೀಳುವ ಊರಾದರೆ ವರ್ಷದ ಸರಾಸರಿ ಉಷ್ಣಾಂಶವನ್ನು ಇಪ್ಪತ್ತರಿಂದ ಗುಣಿಸಬೇಕು. ವರ್ಷವಿಡೀ ಹಂಚಿ ಬೀಳುವುದಾದರೆ ಉಷ್ಣಾಂಶಕ್ಕೆ ಮೊದಲು 7 ಕೂಡಿಸಬೇಕು, ಬೆಚ್ಚಗಿನ ಆರು ತಿಂಗಳಲ್ಲೇ ಬಹುಪಾಲು ಬೀಳುವುದಾದರೆ 14 ಕೂಡಿಸಬೇಕು. ಬಂದ ಸಂಖ್ಯೆಗಿಂತ ಮಳೆ ಕಡಿಮೆಯಿದ್ದರೆ ಅದು ಒಣಪ್ರದೇಶ. ಲಂಡನ್ನಿನ ಸರಾಸರಿ ಉಷ್ಣಾಂಶ 11 ಡಿಗ್ರಿ ಎಂದಿಟ್ಟರೆ ಗಡಿ 360 ಮಿ.ಮೀ. ಬರುತ್ತದೆ. ಯೆರೂಸಲೇಮಿನದು ಹದಿನೇಳೂವರೆ, ಗಡಿ 350. ವಿಜಯಪುರದ ಇಪ್ಪತ್ತಾರೂವರೆಗೆ ಗಡಿ 810 ಮಿ.ಮೀ.

ಅಂದರೆ ಯೆರೂಸಲೇಮ್ ಗಡಿಯನ್ನು ಇನ್ನೂರು ಮಿ.ಮೀ. ಮೇಲಿಂದ ದಾಟುತ್ತದೆ, ವಿಜಯಪುರ ಇನ್ನೂರು ಮಿ.ಮೀ. ಕೆಳಗೆ ಉಳಿಯುತ್ತದೆ. ಕೊಪ್ಪೆನ್ ಲೆಕ್ಕದಲ್ಲಿ ಒಣ ಊರು ನಮ್ಮದು, ಅವರದಲ್ಲ.

ಈ ಲೆಕ್ಕಕ್ಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ‘ಇಸ್ರೇಲಿನಲ್ಲಿ ನಮಗಿಂತ ಕಡಿಮೆ ಮಳೆ, ಆದರೂ ಅವರು ಮರುಭೂಮಿಯಲ್ಲಿ ಬಂಗಾರ ಬೆಳೆಯುತ್ತಾರೆ’ ಎಂಬ ಮಾತು ಕರ್ನಾಟಕದ ವೇದಿಕೆಗಳಲ್ಲಿ ಸವೆದು ಹೋಗುವಷ್ಟು ಬಳಕೆಯಾಗಿದೆ. 2018ರ ಜುಲೈ ತಿಂಗಳ ರಾಜ್ಯ ಬಜೆಟ್ಟಿನಲ್ಲಿ ಕೋಲಾರ, ಚಿತ್ರದುರ್ಗ, ಕೊಪ್ಪಳ, ಗದಗ ಜಿಲ್ಲೆಗಳ ಒಣಭೂಮಿಗೆ ‘ಇಸ್ರೇಲ್ ಮಾದರಿ’ ನೀರಾವರಿ ಎಂದು ಹಣವನ್ನೂ ತೆಗೆದಿಡಲಾಯಿತು. ಪಕ್ಷ ಯಾವುದಾದರೂ ಈ ಮೋಹದಲ್ಲಿ ಹೆಚ್ಚಿನ ಭೇದವಿಲ್ಲ. ಆ ಮಾತಿನ ಒಳಗೆ ಹೇಳದೆ ಉಳಿದ ಇನ್ನೊಂದು ಮಾತಿದೆ: ಅವರಿಗೆ ಆದದ್ದು ನಿಮಗೇಕೆ ಆಗದು? ರೈತನ ಶ್ರಮವನ್ನೋ ಬುದ್ಧಿಯನ್ನೋ ಕೆಣಕುವ ಈ ಪ್ರಶ್ನೆಗೆ ಆಧಾರವಾಗಿ ನಿಂತದ್ದು ಮಳೆಯ ಒಂದೇ ಒಂದು ಸಂಖ್ಯೆ.

ಆ ಸಂಖ್ಯೆಯ ಹಿಂದೆ ಏನೇನಿದೆ ನೋಡೋಣ. ಯೆರೂಸಲೇಮಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಇಲ್ಲವೆನ್ನಬೇಕು. ಎಲ್ಲವೂ ಬೀಳುವುದು ಚಳಿಗಾಲದಲ್ಲಿ, ಸೂರ್ಯ ಸೋತು ನಿಂತ ಹೊತ್ತಿನಲ್ಲಿ. ಬಿದ್ದ ನೀರು ಆವಿಯಾಗಿ ಹೋಗುವ ಮೊದಲೇ ಕೆಳಗಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಪಶ್ಚಿಮಕ್ಕೆ ಹರಿದು, ಟೆಲ್ ಅವೀವ್ ಬಳಿಯ ಯಾರ್ಕೋನ್ ಸೆಲೆಗಳತ್ತ ಸಾಗುತ್ತದೆ. ಆ ನೀರು ಇಂಗುವ ಗುಡ್ಡಗಳಲ್ಲಿ ಬಹುಪಾಲು ಪಶ್ಚಿಮ ದಂಡೆಯವು, 1967ರಿಂದ ಇಸ್ರೇಲಿನ ಹಿಡಿತದಲ್ಲಿರುವಂಥವು. ಆ ನೀರು ಯಾರದ್ದು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಮಾದರಿ ಎಂದು ಹೊಗಳುವವರು ಈ ಭಾಗವನ್ನು ಬಿಟ್ಟೇ ಹೇಳುತ್ತಾರೆ.

‘ಯೆರೂಸಲೇಮ್ ಬಿಡಿ, ನೆಗೇವ್ ಮರುಭೂಮಿಯ ಮಾತೇನು’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೆಗೇವ್‌ನ ಬಾಗಿಲಲ್ಲಿರುವ ಬೀರ್‌ಶೇಬಾಕ್ಕೆ ವರ್ಷಕ್ಕೆ 200 ಮಿ.ಮೀ. ಮಳೆ, ಅದು ನಿಜಕ್ಕೂ ಬರಡು. ಆದರೆ ನೆಗೇವ್ ಹಸಿರಾದದ್ದು ನೆಗೇವ್‌ನ ಮಳೆಯಿಂದಲ್ಲ. 1964ರಲ್ಲಿ ಮುಗಿದ ರಾಷ್ಟ್ರೀಯ ಕಾಲುವೆ ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಕೆಳಗಿರುವ ಗಲಿಲಾಯ ಸರೋವರದ ನೀರನ್ನು ಮೇಲೆತ್ತಿ ದಕ್ಷಿಣಕ್ಕೆ ಸಾಗಿಸಿತು. ಈ ಶತಮಾನದಲ್ಲಿ ಅಶ್ಕೆಲೋನ್, ಹದೇರಾ, ಸೋರೆಕ್‌ಗಳಲ್ಲಿ ಸಮುದ್ರದ ನೀರನ್ನು ಸಿಹಿಯಾಗಿಸುವ ದೊಡ್ಡ ಘಟಕಗಳು ಬಂದವು. ಊರುಗಳ ಕೊಳಚೆ ನೀರಿನಲ್ಲಿ ಶೇ 85ಕ್ಕೂ ಹೆಚ್ಚು ಭಾಗ ಶುದ್ಧಿಯಾಗಿ ಹೊಲಕ್ಕೆ ಹೋಗುತ್ತದೆ. ಇಡೀ ದೇಶ ಕರ್ನಾಟಕದ ಒಂಬತ್ತರಲ್ಲೊಂದು ಪಾಲಿನಷ್ಟು, ಉದ್ದಕ್ಕೂ ಕಡಲ ಕರೆ. ವಿಜಯಪುರಕ್ಕೆ ಸಮುದ್ರದ ನೀರು ತರುವುದಾದರೆ ಪಶ್ಚಿಮ ಘಟ್ಟವನ್ನೇ ಹತ್ತಿಸಬೇಕು.

ಇದಕ್ಕಿಂತ ದೊಡ್ಡ ಮರೆವು ಅನ್ನದ್ದು. ಇಸ್ರೇಲ್ ತನಗೆ ಬೇಕಾದ ಗೋಧಿಯ ಬಹುಪಾಲನ್ನೂ ದನಕೋಳಿಗಳ ಕಾಳನ್ನೂ ಹೊರಗಿನಿಂದ ಕೊಳ್ಳುತ್ತದೆ. ಒಂದು ಕಿಲೋ ಗೋಧಿಗೆ ಸಾವಿರ ಲೀಟರಿನ ಲೆಕ್ಕದಲ್ಲಿ ನೀರು ಬೇಕು. ಆ ನೀರು ಬೇರೆ ದೇಶದ ಮಣ್ಣಿನಲ್ಲಿ ಖರ್ಚಾಗಿ ಚೀಲದಲ್ಲಿ ಬರುತ್ತದೆ. ಪಶ್ಚಿಮ ಏಷ್ಯಾದ ದೇಶಗಳು ನೀರಿಗಾಗಿ ನಿರೀಕ್ಷಿಸಿದಷ್ಟು ಕಾದಾಡದೆ ಉಳಿದದ್ದು ಹೇಗೆಂದು ಹುಡುಕುತ್ತಿದ್ದ ಲಂಡನ್ನಿನ ವಿದ್ವಾಂಸ ಟೋನಿ ಅಲನ್ ಇದಕ್ಕೆ ‘ವರ್ಚುವಲ್ ವಾಟರ್’ ಎಂದು ಹೆಸರಿಟ್ಟರು, 2008ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಪಡೆದರು. ರೊಟ್ಟಿಯ ನೀರನ್ನು ಬೇರೆಯವರಿಗೆ ವಹಿಸಿ, ತನ್ನ ನೀರನ್ನು ಹಣ್ಣು ತರಕಾರಿ ಹೂವಿಗೆ ಇಟ್ಟುಕೊಂಡ ದೇಶ ಅದು. ಅದರಲ್ಲಿ ತಪ್ಪೇನಿಲ್ಲ, ಜಾಣತನವೇ ಇದೆ. ಆದರೆ ಹೊಲದಿಂದ ಮನೆಯ ಜೋಳ ಬರಬೇಕಾದ ಇಂಡಿ ಸಿಂದಗಿಯ ಕುಟುಂಬಕ್ಕೆ ಆ ಜಾಣತನ ಎರವಲು ಸಿಗದು.

ವಿಜಯಪುರದ ನೆಲ ತನ್ನಷ್ಟಕ್ಕೆ ಏನು ಮಾಡಿಕೊಂಡಿದೆ ಎಂಬುದು ನನಗೆ ಇಸ್ರೇಲಿನ ಪೈಪುಗಳಿಗಿಂತ ಹೆಚ್ಚು ಅಚ್ಚರಿಯದು. ಇಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಜೂನ್ ಜುಲೈನ ಮುಂಗಾರು ನೆಚ್ಚಿಕೊಳ್ಳುವಂಥದ್ದಲ್ಲ, ನೆಚ್ಚಿ ಬಿತ್ತೋಣವೆಂದರೂ ಆಳವಾದ ಎರಿಭೂಮಿ ನಾಲ್ಕು ಹನಿ ಬಿದ್ದರೆ ಕಾಲಿಡಲು ಬಿಡುವುದಿಲ್ಲ. ಹಾಗಾಗಿ ರೈತರು ಹಿಂದಿನಿಂದಲೂ ಮುಂಗಾರಿಯಲ್ಲಿ ಹೊಲವನ್ನು ಖಾಲಿ ಬಿಟ್ಟು, ಬರಿದೆ ಕುಂಟಿ ಹೊಡೆದು ಹದ ಮಾಡುತ್ತ, ಬಿದ್ದಷ್ಟು ಮಳೆಯನ್ನು ನೆಲಕ್ಕೆ ಕುಡಿಸಿದರು. ಬಿತ್ತನೆ ಹಿಂಗಾರಿಗೆ: ಬಿಳಿಜೋಳ, ಕಡಲೆ, ಕುಸುಬಿ. ಅಕ್ಟೋಬರ್ ಕಳೆದ ಮೇಲೆ ಲೆಕ್ಕಕ್ಕೆ ಸಿಗುವ ಮಳೆಯಿಲ್ಲ. ಆದರೂ ಮಾಲದಂಡಿ ಜೋಳ ಆಳೆತ್ತರ ಬೆಳೆದು ಜನವರಿ ಫೆಬ್ರುವರಿಗೆ ತೆನೆ ತೂಗುತ್ತದೆ. ಒಂದು ಮೀಟರ್ ಆಳದ ಎರಿಮಣ್ಣು ಬೆಳೆಗೆ ದಕ್ಕುವಂತೆ 150 ಮಿ.ಮೀ. ಮೀರಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೋಳ ಅದನ್ನು ಕುಡಿಯುವುದು ಚಳಿಗಾಲದಲ್ಲಿ, ಹಗಲು ಮೃದುವಾಗಿರುವಾಗ, ಗಾಳಿಯ ಬಾಯಾರಿಕೆ ವರ್ಷದಲ್ಲೇ ಕಡಿಮೆಯಿರುವಾಗ. ಮಣ್ಣು ಬಿರುಕು ಬಿಟ್ಟು ತೇವ ಕಳೆದುಕೊಳ್ಳದಂತೆ ಸಾಲಿನ ನಡುವೆ ಎಡೆ ಹೊಡೆದು ಮೇಲೊಂದು ಪುಡಿಮಣ್ಣಿನ ಹೊದಿಕೆ ಎಳೆಯುತ್ತಾರೆ.

ಈ ಏರ್ಪಾಟನ್ನು ಕೊಪ್ಪೆನ್ ಸೂತ್ರದ ಪಕ್ಕದಲ್ಲಿಟ್ಟು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ಯೆರೂಸಲೇಮಿಗೆ ಚಳಿಗಾಲದ ಮಳೆಯನ್ನು ನಿಸರ್ಗವೇ ಕೊಟ್ಟಿದೆ. ವಿಜಯಪುರದವರು ಮಳೆಗಾಲದ ನೀರನ್ನು ಮಣ್ಣಿನಲ್ಲಿ ತಡೆದು ಚಳಿಗಾಲಕ್ಕೆ ದಾಟಿಸಿದ್ದಾರೆ, ಸೂತ್ರದ ಆ 14ನ್ನು ಒಂದಿಷ್ಟಾದರೂ ತಗ್ಗಿಸಿದ್ದಾರೆ. ಇದಕ್ಕೆ ಪೇಟೆಂಟ್ ಇಲ್ಲ, ಶಿಲಾನ್ಯಾಸದ ಕಲ್ಲೂ ಇಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದಾಗ ವಿಜ್ಞಾನಿಗಳು ಕೈಗೆತ್ತಿಕೊಂಡದ್ದೂ ಇದೇ ವಿಷಯ: ಒಡ್ಡು, ತೇವ, ಬಿತ್ತುವ ಸಮಯ. ಆ ನಾಲ್ಕರಲ್ಲಿ ಮೂರು ಊರುಗಳು ಇವತ್ತಿನ ಕರ್ನಾಟಕದಲ್ಲೇ ಇವೆ. ಮಾದರಿ ಹುಡುಕಿಕೊಂಡು ವಿಮಾನ ಹತ್ತುವ ನಿಯೋಗಗಳ ದಾರಿಯಲ್ಲಿ ಇವು ಬೀಳುವುದಿಲ್ಲ.

ಇನ್ನು ಕೋಲಾರ. ಅಲ್ಲಿ ಬೀಳುವುದು ಏಳುನೂರು ಚಿಲ್ಲರೆ ಮಿ.ಮೀ., ವಿಜಯಪುರಕ್ಕಿಂತ ತುಸು ಹೆಚ್ಚು. ಹೆಚ್ಚು ಮಳೆಯ ಕಾಲ ಅಲ್ಲೂ ಸೆಪ್ಟೆಂಬರ್ ಅಕ್ಟೋಬರ್. ಆದರೆ ಅಡಿಯಲ್ಲಿರುವುದು ವಿಜಯಪುರದಂತೆ ದಖ್ಖನಿನ ಲಾವಾ ಕಲ್ಲಲ್ಲ, ಅದಕ್ಕಿಂತ ಎಷ್ಟೋ ಹಳೆಯ ನೈಸ್ ಬಂಡೆ. ಅದರ ಮೇಲಿನ ಕೆಂಪು ಮಣ್ಣು ತೆಳುವು, ನೀರನ್ನು ಹೆಚ್ಚು ದಿನ ಹಿಡಿದಿಡದು. ಮಣ್ಣೇ ಹಗೇವಾಗದ ಕಡೆ ಜನ ನೆಲದ ಮೇಲೆಯೇ ನೀರು ಕಟ್ಟಿದರು. ಏರಿಳಿತದ ಬಂಡೆಸೀಮೆ ಅದಕ್ಕೆ ಅನುಕೂಲವೂ ಆಗಿತ್ತು. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸಾವಿರಾರು ಕೆರೆಗಳ ಸರಣಿ ಹುಟ್ಟಿದ್ದು ಹಾಗೆ. ಮಳೆಯ ಬೆನ್ನಿಗೇ ಬೆಳೆದು ಮುಗಿಯುವ ರಾಗಿ ಅಲ್ಲಿನ ಅನ್ನವಾಯಿತು. ಮುದ್ದೆ ಮತ್ತು ರೊಟ್ಟಿಯ ಗಡಿ ಬಹುಮಟ್ಟಿಗೆ ಕೆಂಪು ಮಣ್ಣು ಮತ್ತು ಎರಿಮಣ್ಣಿನ ಗಡಿ. ಮಳೆಯ ನಕ್ಷೆಯಲ್ಲಿ ಅದು ಕಾಣುವುದಿಲ್ಲ.

ಕೋಲಾರ ವಿಜಯಪುರಗಳನ್ನು ಅಕ್ಕಪಕ್ಕ ಇಟ್ಟಾಗ ನಮಗೆ ಏನೋ ಒಂದು ತಿಳಿಯುತ್ತದೆ, ಏಕೆಂದರೆ ಎರಡಕ್ಕೂ ಮಳೆಯ ಪ್ರಮಾಣ, ಕಾಲ, ಬಿಸಿಲು ಹತ್ತಿರಹತ್ತಿರ. ಬೇರೆಯಾಗಿರುವುದು ಮುಖ್ಯವಾಗಿ ಕಲ್ಲು ಮತ್ತು ಮಣ್ಣು. ಆದ್ದರಿಂದ ಬದುಕಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ಮಣ್ಣಿನದೆಂದು ಬೆರಳು ಮಾಡಿ ತೋರಿಸಬಹುದು. ಯೆರೂಸಲೇಮ್ ವಿಜಯಪುರಗಳ ನಡುವೆ ಮಳೆಯ ಮೊತ್ತವೊಂದನ್ನು ಬಿಟ್ಟು ಎಲ್ಲವೂ ಬೇರೆ. ಋತು, ಕಲ್ಲು, ಬಿಸಿಲು, ಕಡಲು, ಬಂಡವಾಳ, ಕಾನೂನು, ಸೇನೆ ಕೂಡ. ಅಂಥ ಹೋಲಿಕೆಯಿಂದ ಯಾವ ಕಾರಣಕ್ಕೆ ಯಾವ ಫಲ ಎಂದು ಹೇಳಲು ಬರುವುದಿಲ್ಲ. ಹೇಳುವವನಿಗೆ ಮೊದಲೇ ಬೇಕಾಗಿದ್ದ ತೀರ್ಮಾನವನ್ನು ಮಾತ್ರ ಅದು ಒದಗಿಸುತ್ತದೆ.

ಸರ್ಕಾರಿ ಯೋಜನೆಗಳಿಗೆ ಈ ವಿವೇಚನೆ ತಟ್ಟುವುದು ಕಡಿಮೆ. ಕೃಷಿಹೊಂಡವನ್ನೇ ತೆಗೆದುಕೊಳ್ಳಿ. ಕೆಂಪು ಮಣ್ಣಿನಲ್ಲಿ ಪಾಲಿಥಿನ್ ಹಾಸದಿದ್ದರೆ ನೀರು ಇಂಗಿ ಹೋಗುತ್ತದೆ. ಎರಿಯಲ್ಲಿ ಇಂಗುವ ಚಿಂತೆ ಅಷ್ಟಿಲ್ಲ, ಹೂಳಿನದೇ ಕಾಟ. ನೀರಾವರಿಯದು ಇನ್ನೂ ಗಂಭೀರ. ಮಹಾಬಲೇಶ್ವರದ ಘಟ್ಟದಲ್ಲಿ ಬಿದ್ದ ಮಳೆ ಕೃಷ್ಣೆಯಾಗಿ ಆಲಮಟ್ಟಿಗೆ ಬಂದು ಕಾಲುವೆಗೆ ಇಳಿದಾಗ ಎರಿಹೊಲದವರು ಕಬ್ಬು ಹಾಕಿದರು. ತೇವ ಹಿಡಿದಿಡುವುದೇ ಗುಣವಾಗಿದ್ದ ಮಣ್ಣಿಗೆ ವರ್ಷವಿಡೀ ನೀರು ಬಿಟ್ಟರೆ ಅದೇ ಗುಣ ಉರುಳಾಗುತ್ತದೆ. ನೀರು ಬಸಿಯದೆ ನಿಂತು, ಉಪ್ಪು ಮೇಲೆದ್ದು, ಹೊಲ ಸವಳು ಜವಳಾಗುತ್ತದೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟುಗಳಲ್ಲಿ ಇದು ಹೊಸ ಸುದ್ದಿಯಲ್ಲ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿ ಚೆನ್ನಾಗಿ ಒಗ್ಗಿದೆ, ಒಪ್ಪಬೇಕು. ಒಗ್ಗಿದ್ದು ದ್ರಾಕ್ಷಿಗೆ ಮತ್ತು ದ್ರಾಕ್ಷಿಯ ಬೆಲೆಗೆ. ಜೋಳದ ಹೊಲಕ್ಕೆ ಹನಿ ಪೈಪು ಎಳೆದರೆ ಅದರ ಕಂತು ಕಟ್ಟುವವರು ಯಾರು?

ಇಷ್ಟು ಹೇಳಿದ ಮೇಲೆ ಎದುರು ದಿಕ್ಕಿನ ಹಳ್ಳವೊಂದಿದೆ, ಅದಕ್ಕೂ ಬೀಳಬಾರದು. ಎಲ್ಲವನ್ನೂ ಹವೆಯೇ ನಿರ್ಧರಿಸುತ್ತದೆ ಎಂಬ ವಾದಕ್ಕೆ ದೊಡ್ಡ ವಂಶಾವಳಿಯೇ ಇದೆ. 1748ರಲ್ಲಿ ಮಾಂಟೆಸ್ಕ್ಯೂ ಬಿಸಿ ನಾಡಿನ ಜನ ಜಡರು, ಆಳಿಸಿಕೊಳ್ಳಲು ತಕ್ಕವರು ಎಂಬ ಅರ್ಥದಲ್ಲಿ ಬರೆದ. 1915ರಲ್ಲಿ ಅಮೆರಿಕದ ಎಲ್ಸ್‌ವರ್ತ್ ಹಂಟಿಂಗ್ಟನ್ ಯಾವ ಹವಾಮಾನದಲ್ಲಿ ಮನುಷ್ಯರಿಗೆ ಎಷ್ಟು ಚೈತನ್ಯ ಎಂದು ಭೂಪಟವನ್ನೇ ಬಿಡಿಸಿದ. ಗರಿಷ್ಠ ಚೈತನ್ಯದ ಪಟ್ಟ ಸಿಕ್ಕಿದ್ದು ಪಶ್ಚಿಮ ಯೂರೋಪಿಗೂ ಅವನದೇ ದೇಶದ ಈಶಾನ್ಯ ಮೂಲೆಗೂ. ನಮ್ಮಲ್ಲೂ ‘ಮಲೆನಾಡಿನವರು ನಯ, ಬಯಲುಸೀಮೆಯವರು ಒರಟು’ ಎನ್ನುವ ಹರಟೆ ಅದೇ ಕುಲದ್ದು. ಇಸ್ರೇಲ್ ಮಾದರಿಯ ಭಾಷಣಕಾರ ಹವೆಯನ್ನು ಮರೆತು ಜನರನ್ನು ದೂರುತ್ತಾನೆ, ಹಂಟಿಂಗ್ಟನ್ ಹವೆಯನ್ನೇ ಹಿಡಿದು ಜನರನ್ನು ದೂರುತ್ತಾನೆ. ಇಬ್ಬರೂ ಹೊಲದಲ್ಲಿ ಏನು ನಡೆಯುತ್ತಿದೆ ಎಂದು ನೋಡಿದವರಲ್ಲ.

ನೋಡಿ ಎರವಲು ತಂದವರೂ ಇದ್ದಾರೆ. ಬೀದರಿನ ನೌಬಾದಿನಲ್ಲಿರುವ ಕರೇಜ್ ಹದಿನೈದನೆಯ ಶತಮಾನದ ಬಹಮನಿ ಕಾಲದ್ದು. ನೆಲದಡಿ ಸುರಂಗ ಕೊರೆದು ಅಂತರ್ಜಲವನ್ನು ತಾನಾಗಿ ಹರಿಯುವಂತೆ ಮಾಡುವ ಈ ವಿದ್ಯೆ ಇರಾನಿನದು. ಇರಾನಿನ ಹವೆ ಬೀದರಿನದಕ್ಕಿಂತ ತೀರ ಬೇರೆ. ಆದರೂ ಕೆಲಸ ಮಾಡಿತು, ಏಕೆಂದರೆ ಬೀದರಿನ ದಿಣ್ಣೆಯ ಮೇಲೆ ರಂಧ್ರಗಳಿಂದ ತುಂಬಿದ ಜಂಬಿಟ್ಟಿಗೆ ಇದೆ, ಅದರಡಿ ನೀರು ಬಿಡದ ಕರಿಕಲ್ಲಿದೆ. ಮೇಲಿನಿಂದ ಇಳಿದ ನೀರು ಇವೆರಡರ ಸಂದಿನಲ್ಲಿ ಹರಿಯುತ್ತದೆ. ಸುರಂಗ ತೋಡಿದವರು ಆ ಸಂದನ್ನು ಗುರುತಿಸಿದ್ದರು. ವಿಜಯಪುರದ ಆದಿಲಶಾಹಿಗಳು ತೊರವಿಯಿಂದ ಊರಿಗೆ ನೀರು ತಂದ ಸುರಂಗ ಬಾವಡಿಯಲ್ಲೂ ಇಂಥದೇ ತಿಳಿವಳಿಕೆ ಇದೆ.

ಹಾಗಾದರೆ ಇಸ್ರೇಲಿನಿಂದ ತರಬಹುದಾದದ್ದು ಏನೂ ಇಲ್ಲವೇ? ಇದೆ. ಅದರಲ್ಲೊಂದು ಕೋಲಾರಕ್ಕೆ ಆಗಲೇ ಅರ್ಧ ಬಂದಿದೆ. ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಅಲ್ಲಿನ ಕೆರೆಗಳಿಗೆ ಹರಿಸುತ್ತಿದೆ. ಇಸ್ರೇಲ್ ಮಾದರಿ ಎಂಬ ಹೆಸರಿಗೆ ನಮ್ಮಲ್ಲಿ ನಿಜಕ್ಕೂ ಹತ್ತಿರವಾದದ್ದು ಇದೇ. ಆದರೆ ಟೆಲ್ ಅವೀವ್‌ನ ಕೊಳಚೆಯನ್ನು ಸಂಸ್ಕರಿಸಿದ ಮೇಲೆಯೂ ಮರಳಿನ ಪದರಗಳಲ್ಲಿ ತಿಂಗಳುಗಟ್ಟಲೆ ಸೋಸಿ ಹೊಲಕ್ಕೆ ಕಳಿಸುತ್ತಾರೆ, ನಾವು ಎರಡನೇ ಹಂತದ ಶುದ್ಧೀಕರಣಕ್ಕೆ ನಿಂತಿದ್ದೇವೆ. ಆ ನೀರು ಕೆರೆಯಿಂದ ಬಂಡೆಯ ಬಿರುಕುಗಳಿಗೆ ಇಳಿದು ಕೊಳವೆಬಾವಿ ಸೇರುತ್ತದೆ ಎನ್ನುವಾಗ ಮೂರನೇ ಹಂತ ಬೇಕೆಂದು ಕೋಲಾರದ ಹೋರಾಟಗಾರರು ಕೇಳುವುದರಲ್ಲಿ ಅತಿಯೇನೂ ಇಲ್ಲ.

ಇನ್ನೊಂದಕ್ಕೆ ಹವಾಮಾನದ ಹಂಗೇ ಇಲ್ಲ, ಆದ್ದರಿಂದ ತರಲು ಯಾವ ಭೌಗೋಳಿಕ ಅಡ್ಡಿಯೂ ಇಲ್ಲ. 1959ರ ಕಾನೂನಿನ ಪ್ರಕಾರ ಇಸ್ರೇಲಿನಲ್ಲಿ ನೀರೆಲ್ಲ ಸಾರ್ವಜನಿಕ ಆಸ್ತಿ. ನಿಮ್ಮ ಹೊಲದ ಕೆಳಗಿರುವ ನೀರೂ ನಿಮ್ಮದಲ್ಲ. ಎಷ್ಟು ಎತ್ತಬೇಕೆಂಬುದಕ್ಕೆ ಪರವಾನಗಿ, ಎತ್ತಿದ್ದಕ್ಕೆ ಮೀಟರು, ಮೀಟರಿಗೆ ದರ. ನಮ್ಮಲ್ಲಿ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ನೆರಳು ಇನ್ನೂ ಸರಿದಿಲ್ಲ, ನೆಲ ಯಾರದೋ ಕೆಳಗಿನ ನೀರೂ ಅವರದೇ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಕೊಳವೆಬಾವಿಯ ನೋಂದಣಿ, ಅನುಮತಿಗಳ ಮಾತಾಡುತ್ತದೆ. ಎತ್ತುವ ನೀರಿನ ಅಳತೆ ಕೋಲಾರದ ಹೊಲಗಳಿಗೆ ಇನ್ನೂ ಇಳಿದಿಲ್ಲ. ಸಾವಿರ ಅಡಿ ದಾಟಿದ ಬಾವಿಗಳ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೀಟರು ಹಾಕಿದರೆ ಬಡ ರೈತನಿಗೆ ಪೆಟ್ಟು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಅಂತರ್ಜಲ ಇಳಿದಂತೆಲ್ಲ ಮೊದಲು ಸೋಲುವವನು ಇನ್ನೊಂದು ಬಾವಿ ಕೊರೆಸಲು ಸಾಲ ಸಿಗದವನೇ. ನೆಲದಡಿಯ ನೀರು ಎಲ್ಲರದೆಂದು ಒಪ್ಪಿ, ಮೊದಲಿನ ಇಷ್ಟು ನೀರು ಉಚಿತ, ಅದರಾಚೆಗೆ ದರ ಎಂದು ಗೊತ್ತುಮಾಡುವುದು ಅಸಾಧ್ಯವೇನಲ್ಲ. ಅದಕ್ಕೆ ಬೇಕಾದ ಧೈರ್ಯ ಬಜೆಟ್ಟಿನಲ್ಲಿ ಪೈಪಿಗೆ ಹಣ ಇಡುವುದಕ್ಕಿಂತ ಬೇರೆ ಜಾತಿಯದು. ಇಸ್ರೇಲ್ ಎಂದು ಅಷ್ಟು ಸಲ ಹೇಳಿದವರಲ್ಲಿ ಯಾರೂ 1959ರ ಆ ಕಾನೂನನ್ನು ಸಭೆಯ ಮುಂದೆ ಹಿಡಿದದ್ದನ್ನು ನಾನು ಕೇಳಿಲ್ಲ.